‘ಕುಂಟ ಕುದುರೆ’ಯ ಹೊಸ್ತಿಲು

“ಬಿಡ್ಲಾ?”

ಮೇಲಿನಿಂದ ಬಂದ ಆ ಒಂದೇ ಮಾತಿಗೆ ಹೆಸ್ಟರ್‌ಳ ಎದೆ ಧಸಕ್ಕೆಂದಿತು.

ಅವಳು ನಿಂತಿದ್ದದ್ದು ತನ್ನ ಪಬ್ಬು ‘ಕುಂಟ ಕುದುರೆ’ಯ ನೆಲಮಾಳಿಗೆಯಲ್ಲಿ. ತಲೆಯ ಮೇಲೆ ರಸ್ತೆಯ ಬದಿಗೆ ತೆರೆದುಕೊಳ್ಳುವ ಮರದ ಬಾಗಿಲು. ಗುರುವಾರ ಗುರುವಾರ ಬಿಯರ್ ತಯಾರಿಸುವ ಬ್ರೂವರಿಯ ಲಾರಿ ಬಂದು ಅಲ್ಲಿಂದಲೇ ಬಿಯರ್ ಪೀಪಾಯಿಗಳನ್ನು ಹಗ್ಗ ಕಟ್ಟಿ ಕೆಳಗಿಳಿಸುತ್ತದೆ. ಇಷ್ಟು ದಿನ ಬರುತ್ತಿದ್ದ ಮುದುಕ ಕೆಲಸ ಬಿಟ್ಟನೆಂದು ಅವಳಿಗೆ ಗೊತ್ತಿತ್ತು. ಅವನ ಜಾಗಕ್ಕೆ ಯಾರು ಬರುತ್ತಾರೆಂದು ಗೊತ್ತಿರಲಿಲ್ಲ.

ಈಗ ಗೊತ್ತಾಯಿತು...

ಬೆಳಕಿಗೆ ಬೆನ್ನು ಮಾಡಿ ಬಗ್ಗಿದ್ದವನ ಮುಖ ಕಾಣುತ್ತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಆ ದನಿಯನ್ನು ಅವಳು ಸಾವಿರ ಜನರ ನಡುವೆ ಗುರುತಿಸಬಲ್ಲಳು.

ಗ್ಲಿನ್!

‘ನನ್ನ ತಮ್ಮನನ್ನು ಕೊಂದವನು...’ ಎಂದಿತು ಅವಳ ಮನಸ್ಸು. ಅದರ ಬೆನ್ನಲ್ಲೇ, ನಾಚಿಕೆಯಿಲ್ಲದೆ, ‘ಎಷ್ಟು ಸೊರಗಿದ್ದಾನೆ!’ ಎಂದೂ ಅಂದಿತು.

“ಬಿಡು,” ಎಂದಳು.

ಪೀಪಾಯಿ ಎರಡು ಮರದ ಹಳಿಗಳ ಮೇಲೆ ಜಾರುತ್ತ ಇಳಿಯಿತು. ಮೇಲೆ ಅವನು ಹಗ್ಗ ಹಿಡಿದಿದ್ದ. ಕೆಳಗೆ ಅವಳು ಹುಲ್ಲು ತುಂಬಿದ ಮೂಟೆ ಒಡ್ಡಿ ನಿಂತಿದ್ದಳು. ಅವನ ಕೈ ಸ್ವಲ್ಪ ಸಡಿಲವಾದರೆ ಸಾಕು, ಇವಳ ಕಾಲು ಮುರಿಯುತ್ತದೆ. ದ್ವೇಷಿಸುವವನನ್ನೇ ನಂಬಿ ನಿಲ್ಲಬೇಕಾದ ಕೆಲಸ ಅದು.

“ಹಿಡ್ಕೊಂಡ್ಯಾ?”

“ಹಿಡ್ಕೊಂಡೆ.”

ಕೊನೆಯ ಪೀಪಾಯಿಯೂ ಇಳಿಯಿತು. ಆಮೇಲೆ ಅವನು ಮೆಲ್ಲಗೆ, “ಹೆಸ್ಟರ್... ನಿಮ್ಮಪ್ಪ ಹೋದ್ರು ಅಂತ ಕೇಳ್ದೆ,” ಎಂದ.

“ಕೇಳಿದ್ಯಲ್ಲ, ಸಾಕು. ಬಾಗಿಲು ಮುಚ್ಚು. ಚಳಿ ಒಳಗೆ ಬರ್ತಿದೆ.”

ಪೀಪಾಯಿ ತಂದವನಿಗೆ ಒಳಗೆ ಕರೆದು ಒಂದು ಪೈಂಟ್ ಬಿಯರ್ ಕೊಡುವುದು ಎಲ್ಲ ಪಬ್ಬುಗಳ ಪದ್ಧತಿ. ಅವಳು ಕರೆಯಲಿಲ್ಲ. ಅವನು ಬರಲೂ ಇಲ್ಲ. ಅವನಿಗೆ ‘ಕುಂಟ ಕುದುರೆ’ಯಲ್ಲಿ ಬಹಿಷ್ಕಾರವಿತ್ತು. ಹಾಕಿದವಳು ಹೆಸ್ಟರೇ.

* * *

ಆಶ್‌ಬ್ರೂಕ್ ಎಂಬ ಈ ಹಳ್ಳಿಯಲ್ಲಿ ಇರುವುದು ಒಂದೇ ಪಬ್ಬು. ಮದುವೆ ಮಾತುಕತೆ, ಕುರಿ ವ್ಯಾಪಾರ, ಜಗಳ, ರಾಜಿ, ಸತ್ತವರ ನೆನಪಿನ ಊಟ, ಎಲ್ಲ ಅಲ್ಲೇ ಆಗಬೇಕು. ಅಲ್ಲಿಂದ ಹೊರಗೆ ಹಾಕಿಸಿಕೊಂಡವನು ಊರಿನಿಂದಲೇ ಹೊರಗೆ ಬಿದ್ದ ಹಾಗೆ. ಬಹಿಷ್ಕಾರ ಹಾಕಿದವರೇ ಅದನ್ನು ತೆಗೆಯಬೇಕು. ನಾಲ್ಕು ಜನರ ಮುಂದೆ ಹಾಕಿದ್ದನ್ನು ನಾಲ್ಕು ಜನರ ಮುಂದೆಯೇ ತೆಗೆಯಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೂ ಮೀರಿದವರನ್ನು ನಾನು ಕಂಡಿಲ್ಲ.

ನಾಲ್ಕು ವರ್ಷದ ಹಿಂದೆ ಗ್ಲಿನ್ ಮತ್ತು ಹೆಸ್ಟರ್ ಮದುವೆಯಾಗಬೇಕಿತ್ತು. ಅವಳ ತಮ್ಮ ನೆಡ್, ಲಡ್ಲೊ ಎಂಬ ಪಟ್ಟಣದ ಬೇಕರಿಯಲ್ಲಿ ಕೆಲಸಕ್ಕಿದ್ದ. ಶನಿವಾರ ಮನೆಗೆ ಬಂದರೆ ಭಾನುವಾರ ಮಧ್ಯಾಹ್ನದ ಬಸ್ಸಿಗೆ ವಾಪಸ್. ಅದೇ ಆ ದಿನದ ಕೊನೆಯ ಬಸ್ಸು. ತಾಯಿಯಿಲ್ಲದ ಆ ಹುಡುಗನನ್ನು ಎತ್ತಿ ಆಡಿಸಿ ಬೆಳೆಸಿದವಳು ಹೆಸ್ಟರ್. ಅವನು ಗ್ಲಿನ್‌ನ ಜೀವದ ಗೆಳೆಯನೂ ಹೌದು.

ಆ ಅಕ್ಟೋಬರ್ ಭಾನುವಾರ ಅಪ್ಪ ಕಾಲು ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿದ್ದ. ಪಬ್ಬು ಇವಳೊಬ್ಬಳ ತಲೆಯ ಮೇಲೆ ಬಿದ್ದಿತ್ತು. ನೆಡ್ ಗೋಡೆಯ ಗಡಿಯಾರ ನೋಡಿ ಚೀಲ ಹೆಗಲಿಗೇರಿಸಿದ. ಗ್ಲಿನ್ ಅವನ ತೋಳು ಹಿಡಿದು ಕೂರಿಸಿದ.

“ಈ ಗಡಿಯಾರ ನಂಬ್ಕೊಂಡು ಓಡ್ತಾರೇನೋ ಯಾರಾದ್ರೂ? ಹತ್ತು ನಿಮಿಷ ಮುಂದಿದೆ ಕಣೋ! ಕೂತ್ಕೋ, ಇನ್ನೊಂದು ಹಾಫ್ ಕುಡ್ಕೊಂಡು ಹೋಗು.”

ಪಬ್ಬಿನ ಗಡಿಯಾರ ಹತ್ತು ನಿಮಿಷ ಮುಂದಿರುವುದು ಊರಿಗೆಲ್ಲ ಗೊತ್ತಿದ್ದದ್ದೇ. ಪಬ್ಬು ಮುಚ್ಚಬೇಕಾದ ಕಾನೂನಿನ ಹೊತ್ತಿಗೆ ಸರಿಯಾಗಿ ಕುಡುಕರನ್ನು ಎಬ್ಬಿಸಿ ಕಳಿಸಬೇಕಲ್ಲ, ಅದಕ್ಕೆ. ಆಶ್‌ಬ್ರೂಕ್‌ನ ಮಕ್ಕಳು ಕೂಡ ಆ ಗಡಿಯಾರ ನೋಡಿದ ತಕ್ಷಣ ಮನಸ್ಸಿನಲ್ಲೇ ಹತ್ತು ಕಳೆಯುತ್ತವೆ. ಎಲ್ಲರೂ ನಕ್ಕರು. ಹೆಸ್ಟರ್ ತಾನೇ ಬಿಯರ್ ಪಂಪ್ ಎಳೆದು ತಮ್ಮನಿಗೆ ಅರ್ಧ ಪೈಂಟಿನ ಹಾಫ್ ಹುಯ್ದು ಕೊಟ್ಟಳು.

ಅವನು ಹೊರಗೆ ಹೋಗುವಷ್ಟರಲ್ಲಿ ಬಸ್ಸು ಹೋಗಿತ್ತು. “ನಡ್ಕೊಂಡೇ ಹೋಗ್ತೀನಿ ಬಿಡು, ಕುಡಿದಿದ್ದು ಇಳಿಯುತ್ತೆ,” ಎಂದು ಕೈ ಬೀಸಿ ಮಂಜಿನಲ್ಲಿ ಹೊರಟ.

ಸೇತುವೆಯ ತಿರುವಿನಲ್ಲಿ ಹಾಲಿನ ಲಾರಿಯವನಿಗೆ ಅವನು ಕಾಣಲಿಲ್ಲ...

ಬಸ್ಸು ಸರಿಯಾದ ಸಮಯಕ್ಕೇ ಹೊರಟಿತ್ತೆಂದು ಡ್ರೈವರ್ ಪ್ರಮಾಣ ಮಾಡಿ ಹೇಳಿದ. ಊರು ಗ್ಲಿನ್ ಕಡೆ ತಿರುಗಿತು. ಮಾತಿನಲ್ಲಿ ಹಿಡಿದಿಟ್ಟುಕೊಂಡು ಹುಡುಗನ ಬಸ್ಸು ತಪ್ಪಿಸಿದವನು ಅವನೇ! ಮಣ್ಣು ಮಾಡಿ ಬಂದ ದಿನ ತುಂಬಿದ ಪಬ್ಬಿನಲ್ಲಿ ಹೆಸ್ಟರ್ ಬಾಗಿಲಿಗೆ ಕೈ ತೋರಿಸಿದಳು.

“ಹೋಗಾಚೆ! ನಾನು ಬದುಕಿರೋವರೆಗೂ ಈ ಹೊಸ್ತಿಲು ತುಳೀಬೇಡ!”

ಗ್ಲಿನ್ ಒಂದು ಮಾತೂ ಆಡಲಿಲ್ಲ. ಟೋಪಿ ಎತ್ತಿಕೊಂಡು ನಡೆದ. ‘ಒಂದು ಸಲ ಕ್ಷಮಿಸು ಅನ್ನಬಾರದಿತ್ತೇ!’ ಎಂದು ಅವಳು ಆಮೇಲೆ ಎಷ್ಟೋ ಸಲ ಹಲ್ಲು ಕಚ್ಚಿದ್ದಳು. ಆ ಮೌನವನ್ನು ಅವಳು ಸೊಕ್ಕು ಎಂದುಕೊಂಡಳು.

* * *

ಗುರುವಾರ ಸಂಜೆಯೇ ಅವಳು ಬ್ರೂವರಿಗೆ ಫೋನ್ ಮಾಡಿದಳು.

“ಆ ಮನುಷ್ಯನ್ನ ನನ್ನ ಪಬ್ಬಿಗೆ ಕಳಿಸ್ಬೇಡಿ.”

“ನಮ್ಮದು ಚಿಕ್ಕ ಬ್ರೂವರಿ ಕಣಮ್ಮ, ಇರೋದೇ ಒಂದು ಲಾರಿ,” ಎಂದ ಮ್ಯಾನೇಜರ್. “ನಿಮಗೆ ಬೇಡ ಅಂದ್ರೆ ಅವನನ್ನ ಕೆಲಸದಿಂದ ತೆಗೀಬೇಕು, ಅಷ್ಟೆ.”

“ತೆಗೀರಿ.”

“ಮುಂದಿನ ಗುರುವಾರ ಒಂದು ಸಲ ಬಂದು ಹೋಗ್ತಾನೆ. ಆಮೇಲೆ ಉತ್ತರದ ಕಡೆ ಎಲ್ಲಾದ್ರೂ ಕೆಲಸ ಹುಡ್ಕೊಂಡು ಹೋಗ್ಲಿ.”

ಫೋನ್ ಇಟ್ಟಾಗ ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಡುಗೆಮನೆಯಲ್ಲಿ ಪೈ ಹಿಟ್ಟು ನಾದುತ್ತಿದ್ದ ಡೋರೀನ್ ತಲೆ ಎತ್ತಿ ನೋಡಿದಳು. ಹೆಸ್ಟರ್ ಹುಟ್ಟುವ ಮೊದಲಿನಿಂದಲೂ ಅಲ್ಲಿ ಅಡುಗೆ ಮಾಡುತ್ತಿರುವ ಹೆಂಗಸು ಅವಳು.

“ಅವನ ಅನ್ನ ಕಿತ್ಕೊಂಡ್ಯಾ ಚಿನ್ನಾ?”

“ಅವನು ನನ್ನ ತಮ್ಮನ್ನ ಕಿತ್ಕೊಂಡ.”

“ಹೂಂ,” ಎಂದು ಡೋರೀನ್ ಮತ್ತೆ ಹಿಟ್ಟಿಗೆ ಕೈ ಹಾಕಿದಳು. “ಅತ್ಕೊಂಡು ಹೇಳ್ತಿದೀಯಲ್ಲ, ಅದಕ್ಕೆ ಕೇಳ್ದೆ.”

* * *

ಭಾನುವಾರ ಬಂತು. ಚಳಿಗಾಲದ ಲೆಕ್ಕಕ್ಕೆ ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದೆ ಸರಿಯುವ ಭಾನುವಾರ. ಇಷ್ಟು ವರ್ಷ ಆ ಕೆಲಸ ಅಪ್ಪನದಾಗಿತ್ತು. ಅಪ್ಪ ಬೇಸಿಗೆಯಲ್ಲಿ ತೀರಿಕೊಂಡ ಮೇಲೆ ಪಬ್ಬಿನ ಎಲ್ಲ ಕೆಲಸದ ಜೊತೆ ಅದೂ ಇವಳಿಗೆ ಬಂತು.

ಪಬ್ಬು ಗಿಜಿಗುಡುತ್ತಿತ್ತು. ಒಳ್ಳೆಯ ಪೀಪಾಯಿ ಬಿಯರ್ ಹುಡುಕಿಕೊಂಡು ಬರ್ಮಿಂಗ್‌ಹ್ಯಾಮ್‌ನಿಂದ ಕಾರಿನಲ್ಲಿ ಬಂದವರು ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬೆಂಕಿಯ ಪಕ್ಕದ ಬೆಂಚಿನಲ್ಲಿ ಮುದುಕ ಪರ್ಸಿ ಎಂದಿನಂತೆ ಕೂತಿದ್ದ. ನೆಡ್‌ನ ಬಾಲ್ಯದ ಗೆಳೆಯ, ಟ್ರ್ಯಾಕ್ಟರ್ ರಿಪೇರಿ ಮಾಡುವ ವಿಲ್ಫ್, ಎಂದಿನಂತೆ ಯಾರೊಡನೆಯೂ ಮಾತಾಡದೆ ಕುಡಿಯುತ್ತಿದ್ದ.

ಹೆಸ್ಟರ್ ಸ್ಟೂಲ್ ಹತ್ತಿ, ರೇಡಿಯೊದಲ್ಲಿ ಹನ್ನೆರಡು ಗಂಟೆಯ ಸದ್ದು ಬರುತ್ತಿದ್ದಂತೆ ಮುಳ್ಳುಗಳನ್ನು ಸರಿಯಾಗಿ ಹನ್ನೆರಡಕ್ಕೆ ತಂದಳು. ಕೈ ಒರೆಸಿಕೊಂಡು ಇಳಿಯಹೊರಟಳು.

“ಏ ಹುಡುಗಿ! ಇನ್ನೂ ಹತ್ತು ಮುಂದೆ ತಳ್ಳೇ!” ಎಂದು ಪರ್ಸಿ ಕೂಗಿದ. “ಸರಿಯಾದ ಟೈಮ್ ಇಟ್ರೆ ಊರೋರೆಲ್ಲ ಅದ್ರಲ್ಲೂ ಹತ್ತು ಕಳೀತಾರೆ. ಒಬ್ಬರಿಗೂ ಬಸ್ ಸಿಗಲ್ಲ ನೋಡು!”

ಸುತ್ತಲಿನವರು ನಕ್ಕರು.

ಹೆಸ್ಟರ್ ಸ್ಟೂಲಿನ ಮೇಲೆ ಹಾಗೆಯೇ ನಿಂತುಬಿಟ್ಟಳು.

ಆ ವರ್ಷ... ಅಪ್ಪ ಆಸ್ಪತ್ರೆಯಲ್ಲಿದ್ದ ವರ್ಷ... ನೆಡ್ ಹೋದ ಆ ಭಾನುವಾರವೂ ಇದೇ ಗಡಿಯಾರ ಬದಲಿಸುವ ದಿನ; ಹೀಗೇ ರೇಡಿಯೊ ಕೇಳಿಕೊಂಡು ಗಡಿಯಾರ ಇಟ್ಟವಳು ತಾನೇ. ಒಲೆಯ ಮೇಲೆ ಮಾಂಸ ಸೀದುಹೋಗುತ್ತಿದೆಯೆಂದು ಡೋರೀನ್ ಕೂಗಿದ್ದಳು. ನಾನು ಇಳಿದು ಓಡಿದ್ದೆ...

ಹತ್ತು ನಿಮಿಷ ಮುಂದಿಟ್ಟಿದ್ದೆನೇ?

ಎಷ್ಟು ಹುಡುಕಿದರೂ ಕೈಗಳಿಗೆ ಆ ನೆನಪಿರಲಿಲ್ಲ. ಎಲ್ಲರ ಕೈಗಡಿಯಾರಗಳೂ ಅಯೋಮಯವಾಗಿದ್ದ ದಿನ ಅದು. ಕೆಲವರು ಒಂದು ಗಂಟೆ ಸರಿಸಿದ್ದರು, ಕೆಲವರು ಮರೆತಿದ್ದರು. ಎಲ್ಲರೂ ನಂಬಿದ್ದು ಗೋಡೆಯ ಗಡಿಯಾರವನ್ನೇ. ನೆಡ್‌ಗೆ ಅಂದು ಸರಿಯಾದ ಸಮಯ ಕಣ್ಣೆದುರಿಗೇ ಇತ್ತು! ಅವನು ಎದ್ದಿದ್ದು ಸರಿಯಾಗಿತ್ತು...

‘ಇಲ್ಲ. ಇರಲಾರದು. ಮಾರನೆಯ ದಿನ ಗಡಿಯಾರ ಹತ್ತು ನಿಮಿಷ ಮುಂದೆಯೇ ಇತ್ತು. ನಾನೇ ನೋಡಿದ್ದೆ.’

ಸ್ಟೂಲಿನಿಂದ ಹೇಗೆ ಇಳಿದಳೋ! ನೇರವಾಗಿ ಪರ್ಸಿಯ ಮುಂದೆ ಹೋಗಿ ನಿಂತಳು.

“ಪರ್ಸಿ ಮಾಮ, ನೆಡ್ ಹೋದ ದಿನ... ಈ ಗಡಿಯಾರ ಯಾರಾದ್ರೂ ಮುಟ್ಟಿದ್ರಾ?”

ಮುದುಕನ ನಗೆ ಇಂಗಿತು. “ಈಗ್ಯಾಕಮ್ಮ ಆ ಮಾತು?”

“ಹೇಳಿ ಮಾಮ.”

“ಗ್ಲಿನ್ ಮುಟ್ಟಿದ್ದ. ಪೊಲೀಸಿನವನು ಬಂದು ಸುದ್ದಿ ಹೇಳಿದ್ನಲ್ಲ, ನೀನು ಒಳಗೆ ಬಿದ್ದಿದ್ದೆ. ನಾನು ಬಾಗಿಲಲ್ಲಿ ಇಣುಕಿದ್ರೆ ಇವನು ಸ್ಟೂಲ್ ಮೇಲೆ ನಿಂತಿದ್ದ. ಸಾವಿನ ಮನೇಲಿ ಗಡಿಯಾರ ನಿಲ್ಲಿಸ್ತಾರಲ್ಲ, ಅದಕ್ಕೆ ಅಂದ್ಕೊಂಡೆ. ಮಾರನೆ ದಿನ ನೋಡಿದ್ರೆ ಅದು ಟಕಟಕ ಅಂತ ಓಡ್ತಿದೆ! ಒಂದು ಗಡಿಯಾರ ನಿಲ್ಲಿಸೋಕೂ ಬರಲ್ವಲ್ಲ ಈ ಬಡ್ಡಿಮಗಂಗೆ ಅಂತ ಬೈಕೊಂಡೆ.”

ಹೆಸ್ಟರ್ ಬೆಂಚಿನ ತುದಿ ಹಿಡಿದುಕೊಂಡಳು. ಅವನು ನಿಲ್ಲಿಸಿರಲಿಲ್ಲ. ಮುಂದೆ ತಳ್ಳಿದ್ದ!

ಯಾರಿಗೂ ತಿಳಿಯದಿರಲಿ ಎಂದು. ಮೊದಲು ತನಗೆ ತಿಳಿಯದಿರಲಿ ಎಂದು...

ಅವಳು ಆ ದಿನ ಊಟ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಡೋರೀನ್ ಇಟ್ಟ ತಟ್ಟೆಗಳು ಹಾಗೆಯೇ ವಾಪಸಾದವು. ಬ್ರೂವರಿಗೆ ಫೋನ್ ಮಾಡಿ, “ತೆಗೀಬೇಡಿ, ನನ್ನ ತಪ್ಪು,” ಎಂದಾಗ ಮ್ಯಾನೇಜರ್ ಸಿಡುಕಿದ. ಬೇರೆಯವನಿಗೆ ಮಾತು ಕೊಟ್ಟಾಗಿದೆಯಂತೆ, ಗ್ಲಿನ್ ಕೂಡ ಊರು ಬಿಡಲು ಗಂಟುಮೂಟೆ ಕಟ್ಟಿದ್ದಾನಂತೆ. ತಮ್ಮನ ಕೋಣೆಗೆ ಹೋಗಿ ಅವನ ಹಾಸಿಗೆಯ ಮೇಲೆ ಕೂತಳು. ಅಳು ಕೂಡ ಬರಲಿಲ್ಲ. ಅಳುವುದಕ್ಕೆ ತನಗೇನು ಹಕ್ಕು ಎನ್ನಿಸಿತು.

* * *

ಗುರುವಾರ.

ತಲೆಯ ಮೇಲಿನ ಬಾಗಿಲು ತೆರೆಯಿತು. ಪೀಪಾಯಿ ಹಳಿಯ ಮೇಲೆ ಅರ್ಧ ಇಳಿದು ನಿಂತಿತು.

“ಬಿಡ್ಲಾ?”

ಅವಳು ಮೂಟೆ ಒಡ್ಡಲಿಲ್ಲ.

“ಹೆಸ್ಟರ್, ಬಿಡ್ಲಾ?”

“ಗಡಿಯಾರ ಮುಂದೆ ತಳ್ಳಿದ್ದು ನೀನಾ?”

ಹಗ್ಗ ಒಮ್ಮೆ ಅದುರಿತು.

“ಯಾವ ಗಡಿಯಾರ?”

“ಸುಳ್ಳು ಹೇಳ್ಬೇಡ ಗ್ಲಿನ್. ಪರ್ಸಿ ಮಾಮ ನೋಡಿದಾರೆ.”

“...ಪೀಪಾಯಿ ಇಳಿಸ್ಕೋ ಮೊದ್ಲು. ಕೈ ಸೋಲ್ತಿದೆ.”

ಅವಳು ಮೂಟೆ ಒಡ್ಡಿದಳು. ಪೀಪಾಯಿ ಇಳಿಯಿತು. ಅವನು ಬಾಗಿಲಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಸಿದು ಕೂತ. ನಾಲ್ಕು ವರ್ಷದ ಮೇಲೆ ಮೊದಲ ಬಾರಿಗೆ ಅವನ ಮುಖ ಅವಳಿಗೆ ಪೂರ್ತಿ ಕಾಣಿಸಿತು. ಕಣ್ಣಿನ ಕೆಳಗೆ ಕಪ್ಪು, ಕಿವಿಯ ಮೇಲೆ ಬಿಳಿಕೂದಲು. ಮೂವತ್ಮೂರರ ಗಂಡಸಿನ ಮುಖವಲ್ಲ ಅದು.

“ಪೊಲೀಸಿನವನು ಟೈಮ್ ಬರ್ಕೊಳ್ಳೋಕೆ ವಾಚ್ ನೋಡ್ದ,” ಎಂದ ಗ್ಲಿನ್. “ನಾನು ಗೋಡೆ ಕಡೆ ನೋಡ್ದೆ. ಎರಡೂ ಒಂದೇ ಟೈಮ್. ಬೆಳಗ್ಗೆ ನೀನು ಸ್ಟೂಲ್ ಹತ್ತಿದ್ದು ನೆನಪಾಯ್ತು.”

“ಯಾಕೆ ಹೇಳ್ಲಿಲ್ಲ?! ಎಲ್ರೂ ನಿನ್ನ ಕೊಲೆಗಾರ ಅಂದ್ರು! ನಾನು ಅಂದೆ! ಯಾಕೆ ಬಾಯಿ ಮುಚ್ಕೊಂಡು ಹೋದೆ?”

“ನಿಂಗೆ ಬೈಯೋಕೆ ನಾನಿದ್ದೆ. ನಿನ್ನನ್ನೇ ನೀನು ಬೈಕೊಳ್ಳೋಕೆ ಶುರು ಮಾಡಿದ್ರೆ ಯಾರು ಬಿಡಿಸ್ತಿದ್ರು? ನಿಮ್ಮಪ್ಪ ಹಾಸಿಗೆ ಹಿಡಿದಿದ್ರು. ನೆಡ್ ಇರ್ಲಿಲ್ಲ.” ಅವನು ಅಂಗೈಯಿಂದ ಮುಖ ಒರೆಸಿಕೊಂಡ. “ಆಮೇಲೆ... ಕೂತ್ಕೋ ಅಂದಿದ್ದು ನಾನೇ ತಾನೇ? ಅದಂತೂ ಸುಳ್ಳಲ್ಲ.”

“ಹಾಫ್ ಹುಯ್ದಿದ್ದು ನಾನು. ಗಡಿಯಾರ ಇಟ್ಟಿದ್ದು ನಾನು. ನಿನ್ನ ಹೊರಗೆ ಹಾಕಿದ್ದೂ ನಾನು...” ಅವಳ ದನಿ ಒಡೆಯಿತು. ಭಾನುವಾರದಿಂದ ಬಾರದ ಅಳು ಈಗ ಒಮ್ಮೆಲೇ ಬಂತು.

“ಹೆಸ್ಟರ್, ಅಳ್ಬೇಡ ಕಣೆ... ನಾನು ಕೆಳಗೆ ಬರೋಕೂ ಆಗಲ್ಲ.”

ನೆಲಮಾಳಿಗೆಯೂ ಪಬ್ಬೇ ಅಲ್ಲವೇ! ಎದುರಿಗೆ ಅವಳು ಬಿಕ್ಕುತ್ತಿದ್ದರೂ ಅವನು ಕಾಲನ್ನು ಒಂದಿಂಚು ಕೆಳಗೆ ಬಿಡಲಿಲ್ಲ. ಅದನ್ನು ಕಂಡು ಹೆಸ್ಟರ್‌ಗೆ ತಾನು ಅಂದು ಆಡಿದ ಮಾತಿನ ತೂಕ ಗೊತ್ತಾಯಿತು. ಅವಳು ಏಪ್ರನ್‌ನಿಂದ ಕಣ್ಣೊರೆಸಿಕೊಂಡು ಮೆಟ್ಟಿಲ ಕಡೆ ತಿರುಗಿದಳು.

“ಎಲ್ಲಿಗೆ?” ಗ್ಲಿನ್ ಗಾಬರಿಯಾದ. “ಏ, ಬೇಡ! ಊರ ಮುಂದೆ ಹೇಳ್ಬೇಡ ಹೆಸ್ಟರ್! ನಾನು ಹೆಂಗೂ ಹೋಗ್ತಿದೀನಿ. ನೀನು ಇಲ್ಲೇ ಬಾಳ್ಬೇಕು!”

ಅವಳು ನಿಲ್ಲಲಿಲ್ಲ.

* * *

ಮಧ್ಯಾಹ್ನದ ಗಿರಾಕಿಗಳು ಆಗಲೇ ಕೂತಿದ್ದರು. ಹೆಸ್ಟರ್ ಬೀದಿಯ ಬಾಗಿಲನ್ನು ಪೂರ್ತಿ ತೆರೆದಳು. ಓಡಿ ಬಂದಿದ್ದ ಗ್ಲಿನ್ ಹೊಸ್ತಿಲಿನ ಆಚೆ ತಡೆದು ನಿಂತ. ಎಲ್ಲರ ತಲೆಗಳೂ ಅತ್ತ ತಿರುಗಿದವು.

“ಒಂದು ಮಾತು ಹೇಳ್ಬೇಕು,” ಎಂದಳು. “ನೆಡ್ ಹೋದ ದಿನ ಗಡಿಯಾರ ಮುಂದೆ ಇರ್ಲಿಲ್ಲ. ಸರಿಯಾಗಿತ್ತು. ಬೆಳಗ್ಗೆ ಇಟ್ಟವಳು ನಾನು, ಹತ್ತು ನಿಮಿಷ ಸೇರಿಸೋದು ಮರೆತೆ. ಇವನಿಗೆ ಆವತ್ತೇ ಗೊತ್ತಾಯ್ತು. ನನ್ನ ಉಳಿಸೋಕೆ ಗಡಿಯಾರ ತಿರುಗಿಸಿಟ್ಟು ಎಲ್ಲ ತನ್ನ ಮೇಲೆ ಹಾಕ್ಕೊಂಡ. ಬಸ್ಸು ತಪ್ಪಿಸಿದವಳು ನಾನು.”

ಪರ್ಸಿ ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟ.

ಅಡುಗೆಮನೆಯ ಬಾಗಿಲಲ್ಲಿ ಡೋರೀನ್ ಬಾಯಿಗೆ ಏಪ್ರನ್ ಒತ್ತಿಕೊಂಡಳು. ಮಾಂಸ ಸೀಯುತ್ತಿದೆಯೆಂದು ಅಂದು ಕೂಗಿದವಳು ತಾನೆಂದು ಅವಳಿಗೂ ನೆನಪಾಗಿರಬೇಕು.

ವಿಲ್ಫ್ ಎದ್ದ. ಅವನ ಪೈಂಟ್ ಇನ್ನೂ ಅರ್ಧ ಇತ್ತು. ಹೆಸ್ಟರ್‌ಳ ಮುಖ ನೋಡಿದ. ಗ್ಲಾಸನ್ನು ಹಾಗೆಯೇ ಬಿಟ್ಟು ಹೊರಗೆ ನಡೆದ. ಗ್ಲಿನ್‌ನ ಪಕ್ಕದಲ್ಲಿ ಒಂದು ಕ್ಷಣ ನಿಂತು, ಅವನ ತೋಳು ಮುಟ್ಟಿ, ಹೊರಟುಹೋದ. ಅವನು ಆಮೇಲೆ ಎಂದೂ ‘ಕುಂಟ ಕುದುರೆ’ಗೆ ಬರಲಿಲ್ಲ. ಇದನ್ನು ಮುಚ್ಚಿಟ್ಟು ಕಥೆಯನ್ನು ಸಿಹಿ ಮಾಡಲು ನನಗೆ ಇಷ್ಟವಿಲ್ಲ.

ಅರ್ಧ ತುಂಬಿದ ಆ ಗ್ಲಾಸನ್ನು ನೋಡುತ್ತ ಹೆಸ್ಟರ್ ತುಟಿ ಕಚ್ಚಿದಳು. ಆದರೂ ಮಾತು ನಿಲ್ಲಿಸಲಿಲ್ಲ.

“ಗ್ಲಿನ್ ಪ್ರಾಸರ್, ನಿನ್ನ ಬಹಿಷ್ಕಾರ ತೆಗೆದಿದೀನಿ. ಎಲ್ರೂ ಕೇಳಿಸ್ಕೊಂಡ್ರಲ್ಲ? ...ಒಳಗೆ ಬಾ.”

ಅವನು ಅಲುಗಲಿಲ್ಲ. ಟೋಪಿಯನ್ನು ಎರಡು ಕೈಯಲ್ಲಿ ಹಿಂಡುತ್ತ ನಿಂತಿದ್ದ.

“ಒಳಗೆ ಬಂದ್ರೆ ಮತ್ತೆ ಹೋಗೋಕೆ ನನ್ನ ಕೈಲಿ ಆಗಲ್ಲ ಹೆಸ್ಟರ್.”

“ಹೋಗು ಅಂದೋರು ಯಾರು?”

“ನೀನೇ ಅಂದಿದ್ದೆ.”

“ಹೂಂ... ಅಂದಿದ್ದೆ. ಆವತ್ತಿಂದ ಒಂದು ದಿನಾನೂ ನೆಟ್ಟಗೆ ಬದುಕಿಲ್ಲ ನಾನು. ನಿನ್ನ ಬೈದೆ, ಶಾಪ ಹಾಕ್ದೆ. ಮರೆಯೋಕೆ ಮಾತ್ರ ಆಗ್ಲಿಲ್ಲ. ಬಾರೋ...”

ಗ್ಲಿನ್ ಹೊಸ್ತಿಲು ದಾಟಿದ.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಹತ್ತಿರ ಬಂದು ಕೈ ಕುಲುಕಲಿಲ್ಲ. ಪರ್ಸಿ ಮಾತ್ರ ಬೆಂಚಿನಲ್ಲಿ ಸ್ವಲ್ಪ ಸರಿದು ಕೂತು, “ನಿಂತೇ ಇರ್ತೀಯೇನೋ? ಬೆಂಕಿಗೆ ಅಡ್ಡ ಆಗ್ತಿದೀಯ,” ಎಂದು ಗೊಣಗಿದ.

ಹೆಸ್ಟರ್ ಪಂಪ್ ಎಳೆದು ಒಂದು ಪೈಂಟ್ ತಂದಳು. ಡೋರೀನ್ ಕೆಂಪು ಕಣ್ಣಿನಲ್ಲೇ ದನದ ಮಾಂಸದ ಪೈ ತಂದಿಟ್ಟು ಹೋದಳು. ಗ್ಲಿನ್ ಫೋರ್ಕ್ ಹಿಡಿದ, ತಿನ್ನಲಿಲ್ಲ.

“ಇನ್ಮೇಲೆ ನಂಗೆ ನಿದ್ದೆ ಬರಲ್ಲ,” ಎಂದಳು ಅವಳು, ಅವನಿಗಷ್ಟೇ ಕೇಳುವಂತೆ.

“ಗೊತ್ತು.”

“ಹೋಗುತ್ತಾ ಇದು? ಯಾವಾಗ್ಲಾದ್ರೂ?”

ಅವನು ಸುಳ್ಳು ಹೇಳಲಿಲ್ಲ. “ನಂಗಿನ್ನೂ ಹೋಗಿಲ್ಲ.”

ಹೆಸ್ಟರ್‌ಳ ಕಣ್ಣು ಮತ್ತೆ ತುಂಬಿತು. “ಹೆಂಗೆ ಬದುಕಿದ್ಯೋ ನಾಲ್ಕು ವರ್ಷ?”

“ಒಬ್ನೇ ಬದುಕ್ದೆ. ಅದು ಕೆಟ್ಟದಾಗಿತ್ತು.” ಅವನು ನಾಲ್ಕು ವರ್ಷದ ಮೇಲೆ ಮೊದಲ ಸಲ ಅವಳ ಕೈ ಮುಟ್ಟಿದ. “ಊಟ ಮಾಡಿ ಎಷ್ಟು ದಿನ ಆಯ್ತು ನೀನು?”

ಅವಳು ತಲೆ ತಗ್ಗಿಸಿದಳು. ಅವನು ಪೈ ತಟ್ಟೆಯನ್ನು ಮೇಜಿನ ನಡುವಿಗೆ ತಳ್ಳಿದ.

“ಇನ್ನೊಂದು ಫೋರ್ಕ್ ತಗೊಂಡು ಬಾ.”

“ಪಬ್ಬು ತೆರೆದಿರೋವಾಗ ಯಜಮಾನಿ ಗಿರಾಕಿ ಪಕ್ಕ ಕೂರೋ ಹಾಗಿಲ್ಲ.”

“ನಾನು ಗಿರಾಕಿನಾ?”

ಅವಳು ಏಪ್ರನ್ ಬಿಚ್ಚಿ ಬೆಂಚಿನ ಮೇಲಿಟ್ಟು ಅವನ ಪಕ್ಕದಲ್ಲಿ ಕೂತಳು.

“ಫೋರ್ಕ್ ಒಂದೇ ಸಾಕು,” ಎಂದಳು.